ಸಂಕಲನವೂ ಸಂಪಾದನೆಯೂ

ನಮ್ಮ ಭಾಷೆಯಲ್ಲಿ ಒಂದು ವಿನೋದವುಂಟು. ಪತ್ರಿಕೆಯ ಬರಹಗಳನ್ನು ತಿದ್ದಿ ಸಿದ್ಧಪಡಿಸುವವನನ್ನು ಸಂಪಾದಕನೆನ್ನುತ್ತೇವೆ. ಅವನು ಮಾಡುವ ಕೆಲಸ ಸಂಪಾದನೆ. ಹಣವನ್ನು ಗಳಿಸುವುದಕ್ಕೂ ಅದೇ ಮಾತು. ಚಲನಚಿತ್ರದ ತುಣುಕುಗಳನ್ನು ಕತ್ತರಿಸಿ ಜೋಡಿಸುವವರ ವಿಷಯಕ್ಕೆ ಬಂದಾಗ ಮಾತ್ರ ಈ ಶಬ್ದವನ್ನು ಬಿಟ್ಟು 'ಸಂಕಲನ' ಎಂಬುದನ್ನು ಹಿಡಿದರು. ಚಿಕ್ಕ ತರಗತಿಗಳ ಗಣಿತದಲ್ಲಿ ಸಂಕಲನವೆಂದರೆ ಕೂಡುವ ಲೆಕ್ಕ. ಕಳೆಯುವುದಕ್ಕೆ ವ್ಯವಕಲನವೆಂದು ಹೆಸರು. ನಮ್ಮ ಮಗಳು ದಿನವೆಲ್ಲ ಕುಳಿತು ಮಾಡುವುದು ಬಹುಮಟ್ಟಿಗೆ ಕಳೆಯುವ ಲೆಕ್ಕ; ಅದಕ್ಕಿರುವ ಹೆಸರು ಕೂಡುವ ಲೆಕ್ಕದ್ದು; ಸಂಪಾದನೆಯ ಮಾತೋ, ಹೆಸರಿನಲ್ಲಿಯೇ ಇಲ್ಲ. ಮೂವತ್ತೊಂದು ವರ್ಷ ಮಕ್ಕಳಿಗೆ ಕನ್ನಡವನ್ನು ಹೇಳಿಕೊಟ್ಟ ನನಗೆ ಶಬ್ದಗಳ ಈ ಚೇಷ್ಟೆಯನ್ನು ಕಂಡು ಈಗ ನಗು ಬರುತ್ತದೆ. ಮೊದಲ ಎರಡು ಮೂರು ವರ್ಷ ಅಷ್ಟಾಗಿ ಬರುತ್ತಿರಲಿಲ್ಲ.

ಮಾದಾಪುರವು ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿ, ಹಟ್ಟಿಹೊಳೆಯನ್ನು ದಾಟಿದ ಮೇಲೆ ಸಿಕ್ಕುವ ಊರು. ಇಲ್ಲಿ ನಮಗೆ ಮೂರು ಎಕರೆ ಕಾಫಿಯ ತೋಟವಿದೆ. ನೆರಳಿನ ಮರಗಳಿಗೆ ಮೆಣಸಿನ ಬಳ್ಳಿಯನ್ನು ಹಬ್ಬಿಸಿದೆ. ತೋಟವು ನಮ್ಮ ಯಜಮಾನರ ಆಡಳಿತ. ನನ್ನದು ಪಾಠಶಾಲೆಯ ಸಂಬಳ. ಆದುದರಿಂದ ನಮ್ಮ ಮನೆಯಲ್ಲಿ ಎರಡು ಬಗೆಯ ಲೆಕ್ಕದ ಪುಸ್ತಕಗಳಿದ್ದುವು. ನನ್ನ ಪುಸ್ತಕದಲ್ಲಿ ತಿಂಗಳಿಗೊಂದು ಸಲ ವರಮಾನ, ದಿನಕ್ಕೊಂದು ಸಲ ಖರ್ಚು. ಅವರ ಪುಸ್ತಕದಲ್ಲಿ ಮಾಘ ಫಾಲ್ಗುಣಗಳ ವೇಳೆಗೆ ವರ್ಷಕ್ಕೊಮ್ಮೆ ವರಮಾನ. ಅದಕ್ಕೆ ಮುಂಚಿನ ಹತ್ತು ತಿಂಗಳು ಆಕಾಶವನ್ನು ನೋಡುವುದೇ ಉದ್ಯೋಗ. ಕಾಲಕ್ಕೆ ಸರಿಯಾಗಿ ಹೂಮಳೆ ಬಿದ್ದರೆ ಮುಖ ಅರಳುವುದು. ತಪ್ಪಿದರೆ ಸೊಸೈಟಿಯ ಸಾಲ. ಸಂಬಳದವರಿಗೆ ತೋಟದವರ ಧೈರ್ಯವು ಮೊಂಡುತನವಾಗಿಯೂ, ತೋಟದವರಿಗೆ ಸಂಬಳದವರ ಎಚ್ಚರವು ಹೇಡಿತನವಾಗಿಯೂ ಕಾಣುವುದುಂಟು. ನಮ್ಮ ಮನೆಯಲ್ಲಿ ಈ ಎರಡು ಮತಗಳೂ ಒಂದೇ ಒಲೆಯ ಮುಂದೆ ಕುಳಿತು ಊಟಮಾಡುತ್ತಿದ್ದುವು. ಮಗಳ ವೃತ್ತಿಯ ಪ್ರಶ್ನೆ ಹುಟ್ಟಿದಾಗ ಇದರ ಉಪಯೋಗ ನಮಗೆ ತಿಳಿಯಿತು.

ಅವಳು ಮೈಸೂರಿನಲ್ಲಿ ಬಿ.ಎಸ್‌ಸಿ. ಮುಗಿಸಿ ಬಂದು, ತಾನು ಪುಣೆಗೆ ಹೋಗಿ ಚಲನಚಿತ್ರವನ್ನು ಕಲಿಯುವೆನೆಂದಾಗ ಬಂಧುಗಳು ನಟಿಯಾಗುವಳೆಂದೇ ತಿಳಿದರು. ಹುತ್ತರಿಗೆ ಬಂದಿದ್ದ ಹಿರಿಯರೊಬ್ಬರು ಅವಳ ಮುಖವನ್ನು ಎರಡು ಮಗ್ಗುಲಿಂದಲೂ ಪರೀಕ್ಷಿಸಿ, 'ಬಣ್ಣ ಹಚ್ಚಿದರೆ ಆದೀತು' ಎಂದು ತೀರ್ಪು ಕೊಟ್ಟರು. ನಟನೆಯಲ್ಲ, ಛಾಯಾಗ್ರಹಣವೂ ಅಲ್ಲ, ತೆಗೆದ ಚಿತ್ರವನ್ನು ಕತ್ತರಿಸುವ ಕೆಲಸ ಎಂದು ತಿಳಿದ ಮೇಲೆ ಎಲ್ಲರ ಕುತೂಹಲವೂ ಕನಿಕರಕ್ಕೆ ತಿರುಗಿತು. ಕತ್ತರಿಯ ಕೆಲಸವೇ ಆದರೆ ಸೋಮವಾರಪೇಟೆಯಲ್ಲಿಯೇ ಹೊಲಿಗೆಯನ್ನು ಕಲಿಸುವವರಿದ್ದಾರಲ್ಲ ಎಂದವರೂ ಉಂಟು.

ಹಾಸ್ಯಕ್ಕೆ ಆಡಿದ ಈ ಮಾತಿನಲ್ಲಿ ಆಡಿದವರಿಗೆ ತಿಳಿಯದ ಒಂದು ನಿಜವಿತ್ತು. ಅಮೆರಿಕದಲ್ಲಿ ಮೂಕಚಿತ್ರಗಳ ಕಾಲದಲ್ಲಿ ಫಿಲ್ಮನ್ನು ಕತ್ತರಿಸಿ ಅಂಟಿಸುವ ಕೆಲಸದಲ್ಲಿ ಹೆಂಗಸರೇ ಬಹುಮಂದಿ ಇದ್ದರಂತೆ. ಹೊಲಿಗೆಯ ಹಾಗೆ ಕೈಚಳಕದ, ತಾಳ್ಮೆಯ, ಕಡಿಮೆ ಕೂಲಿಯ ಕೆಲಸವೆಂದು ಅದನ್ನು ಅವರಿಗೆ ಬಿಟ್ಟಿದ್ದರು. ರಷ್ಯಾದ ಜೀಗ ವೆರ್ತೊವ್ ಎಂಬಾತನು ೧೯೨೯ರಲ್ಲಿ ಹೊರತಂದ ಒಂದು ಪ್ರಸಿದ್ಧ ಚಿತ್ರದ ನಡುವೆ ಒಬ್ಬ ಹೆಂಗಸು ಮೇಜಿನ ಮುಂದೆ ಕುಳಿತು ಫಿಲ್ಮಿನ ತುಂಡುಗಳನ್ನು ಆರಿಸುವುದು ಕಾಣುತ್ತದೆ. ಆಕೆ ಎಲಿಜವೆತಾ ಸ್ವಿಲೊವಾ, ಆತನ ಪತ್ನಿ, ನಾವು ನೋಡುತ್ತಿರುವ ಆ ಚಿತ್ರವನ್ನೇ ಸಂಕಲಿಸಿದವಳು. ಮಗಳು ಇದನ್ನು ನನಗೆ ತೋರಿಸಿದಾಗ, ಅಡುಗೆ ಮಾಡಿದವಳು ಬಡಿಸುವಾಗ ಒಂದು ಗಳಿಗೆ ಪಂಕ್ತಿಯಲ್ಲಿ ಮುಖ ತೋರಿಸಿ ಹೋದಂತೆ ಕಂಡಿತು. ನಮ್ಮ ದೇಶದಲ್ಲಿಯೂ ರೇಣು ಸಲೂಜಾ ಎಂಬಾಕೆ ಪುಣೆಯ ಸಂಸ್ಥೆಯಲ್ಲಿ ೧೯೭೬ರಲ್ಲಿ ಸಂಕಲನದ ಓದನ್ನು ಮುಗಿಸಿ, ಗಂಡಸರೇ ತುಂಬಿದ್ದ ಹಿಂದಿ ಚಿತ್ರಗಳ ಕತ್ತರಿಮನೆಯನ್ನು ಹೊಕ್ಕು, ನಾಲ್ಕು ಸಲ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಅವರು ೨೦೦೦ದಲ್ಲಿ ಇನ್ನೂ ಐವತ್ತು ತುಂಬುವ ಮುಂಚೆಯೇ ತೀರಿಕೊಂಡರು. ನಮ್ಮ ಮಗಳ ಪೆಟ್ಟಿಗೆಯ ಮುಚ್ಚಳದ ಒಳಗಡೆ ಇಂದಿಗೂ ಅವರ ಚಿತ್ರವಿದೆ.

ಪುಣೆಯ ಆ ಸಂಸ್ಥೆಯ ವಿಷಯವಾಗಿ ಎರಡು ಮಾತು ಹೇಳಬೇಕು. ಪ್ರಭಾತ್ ಕಂಪನಿಯವರು ೧೯೩೩ರಲ್ಲಿ ಕೊಲ್ಲಾಪುರದಿಂದ ಬಂದು ನೆಲಸಿದ ಚಿತ್ರಶಾಲೆಯ ಅಂಗಳದಲ್ಲಿಯೇ, ೧೯೬೦ರಲ್ಲಿ ಕೇಂದ್ರ ಸರ್ಕಾರವು ಈ ಪಾಠಶಾಲೆಯನ್ನು ತೆರೆಯಿತು. ತೀರ್ಥಹಳ್ಳಿ ಸೀಮೆಯ ಕೆಸಲೂರಿನ ಗಿರೀಶ ಕಾಸರವಳ್ಳಿಯವರು ಮಣಿಪಾಲದಲ್ಲಿ ಔಷಧಶಾಸ್ತ್ರವನ್ನು ಓದಿ, ಅದನ್ನು ಬಿಟ್ಟು ಇಲ್ಲಿಗೆ ಬಂದವರು. ಅವರ 'ಘಟಶ್ರಾದ್ಧ'ಕ್ಕೆ ೧೯೭೭ರ ಸ್ವರ್ಣಕಮಲವು ದೊರೆತುದನ್ನು ವಾಚಕರು ಬಲ್ಲರು. ಇದಕ್ಕೂ ಮೊದಲೇ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣವನ್ನು ಕಲಿಸುತ್ತಿದ್ದರು, ಮೈಸೂರಿನ ವಿ. ಕೆ. ಮೂರ್ತಿಯವರು ೧೯೪೬ರಲ್ಲಿ ಅಲ್ಲಿ ಕಲಿತು ಮುಂಬಯಿಗೆ ಹೋದವರು. ಕ್ಯಾಮರದ ವಿದ್ಯೆಗೆ ಹೀಗೆ ನಮ್ಮಲ್ಲಿ ಹಳೆಯ ಗುರುಕುಲವಿತ್ತು. ಕತ್ತರಿಯ ವಿದ್ಯೆಯಾದರೋ ಬಹುಕಾಲ ಒಬ್ಬ ಹಿರಿಯನ ಮಗ್ಗುಲಲ್ಲಿ ನಿಂತು, ಬಿದ್ದ ತುಂಡುಗಳನ್ನು ಆಯ್ದುಕೊಡುತ್ತ ಕಣ್ಣಿನಿಂದ ಕಲಿಯುವಂಥದಾಗಿತ್ತು. 'ಬಾಂಬೆ' ಎಂಬ ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿಯನ್ನು ಪಡೆದ ಸುರೇಶ್ ಅರಸ್ ಅವರಂಥ ನಮ್ಮ ನಾಡಿನವರ ಹೆಸರನ್ನು ನಾನು ಕೇಳಿದ್ದೂ ಮಗಳ ಬಾಯಿಂದಲೇ. ಚಿತ್ರವನ್ನು ನೋಡಿದವರಲ್ಲಿ ಸಂಕಲನಕಾರರ ಹೆಸರನ್ನು ಓದುವವರು ಎಷ್ಟು ಮಂದಿ?

ಕೆಲಸವೆಂದರೆ ಏನು ಎಂಬುದನ್ನು ಅವಳು ಒಂದು ರಜೆಯಲ್ಲಿ ನನಗೆ ವಿವರಿಸಿದಳು. ಪರದೆಯ ಮೇಲೆ ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ನಿಶ್ಚಲಚಿತ್ರಗಳು ಹಾಯುತ್ತವೆ. ಎರಡು ಗಂಟೆಯ ಚಿತ್ರವೆಂದರೆ ೧,೭೨,೮೦೦. ಹಳೆಯ ಫಿಲ್ಮಿನಲ್ಲಾದರೆ ಅದರ ಉದ್ದ ೧೦,೮೦೦ ಅಡಿ, ಎಂದರೆ ಎರಡು ಮೈಲಿಯ ಮೇಲೆ. ಇಷ್ಟನ್ನು ಇಟ್ಟುಕೊಳ್ಳುವುದಕ್ಕಾಗಿ ಇದರ ಹತ್ತರಷ್ಟನ್ನೋ ಇಪ್ಪತ್ತರಷ್ಟನ್ನೋ ತೆಗೆದಿರುತ್ತಾರೆ. ಅಷ್ಟನ್ನೂ ನೋಡಬೇಕು, ಒಂದಲ್ಲ, ಹಲವು ಸಲ ನೋಡಬೇಕು, ಯಾವ ಮುಖದಿಂದ ಯಾವ ಮುಖಕ್ಕೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ತೀರ್ಮಾನಿಸಬೇಕು. ರಷ್ಯಾದ ಕುಲೆಶೊವ್ ಎಂಬ ಪಂಡಿತನು ನೂರು ವರ್ಷದ ಹಿಂದೆ ಒಂದು ಪ್ರಯೋಗ ಮಾಡಿದನಂತೆ. ಒಬ್ಬ ನಟನ ಭಾವವಿಲ್ಲದ ಮುಖದ ಒಂದೇ ಚಿತ್ರವನ್ನು ಒಮ್ಮೆ ಸಾರಿನ ಬಟ್ಟಲಿನ ಪಕ್ಕದಲ್ಲಿಯೂ, ಒಮ್ಮೆ ಶವಪೆಟ್ಟಿಗೆಯ ಪಕ್ಕದಲ್ಲಿಯೂ ಜೋಡಿಸಿ ತೋರಿಸಿದನು. ನೋಡಿದವರು ಆ ಮುಖದಲ್ಲಿ ಮೊದಲು ಹಸಿವನ್ನೂ ಅನಂತರ ದುಃಖವನ್ನೂ ಕಂಡು ನಟನನ್ನು ಹೊಗಳಿದರು. ಮುಖ ಬದಲಾಗಲಿಲ್ಲ, ನೆರೆ ಬದಲಾಯಿತು. ಮಕ್ಕಳ ಪ್ರಬಂಧಗಳನ್ನು ಕೆಂಪು ಸೀಸದಕಡ್ಡಿಯಿಂದ ತಿದ್ದಿ ಸವೆದ ನನ್ನ ಕೈಗೆ ಇದು ಹೊಸ ಸಂಗತಿಯಾಗಿ ತೋರಲಿಲ್ಲ. ಒಂದು ವಾಕ್ಯವನ್ನು ಹೊಡೆದುಹಾಕಿದರೆ ಉಳಿದ ಎರಡು ವಾಕ್ಯಗಳ ಅರ್ಥವೇ ಬೇರೆಯಾಗುವುದನ್ನು ನಾನು ದಿನವೂ ಕಂಡಿದ್ದೆನು. ವ್ಯತ್ಯಾಸವಿಷ್ಟೆ: ನಾನು ಹೊಡೆದ ಗೆರೆ ಪುಟದ ಮೇಲೆ ಉಳಿಯುತ್ತಿತ್ತು. ಇವಳು ಚೆನ್ನಾಗಿ ತಿದ್ದಿದಷ್ಟೂ ತಿದ್ದಿದ್ದು ಕಾಣದು. ಕಾಣದ ಕೆಲಸಕ್ಕೆ ಬೆಲೆ ಕಟ್ಟುವುದು ಕಷ್ಟ, ಕಟ್ಟಿದ ಬೆಲೆಯನ್ನು ವಸೂಲು ಮಾಡುವುದು ಇನ್ನೂ ಕಷ್ಟ.

೨೦೧೭ರ ಕೊನೆಯಲ್ಲಿ ಓದು ಮುಗಿಯಿತು. ಇಂಜಿನಿಯರಿಂಗ್ ಓದಿದವರ ಮನೆಗೆ ಕಾಗದ ಬರುವಂತೆ ಇವಳಿಗೆ ಯಾವ ಕಾಗದವೂ ಬರಲಿಲ್ಲ. ಬೆಂಗಳೂರಿನಲ್ಲಿ ಇಬ್ಬರು ಗೆಳತಿಯರೊಡನೆ ಒಂದು ಕೋಣೆಯನ್ನು ಹಿಡಿದಳು. ಈ ವೃತ್ತಿಯಲ್ಲಿ ಅರ್ಜಿ ಹಾಕುವ ಸ್ಥಳವೇ ಇಲ್ಲ. ಜೊತೆಯಲ್ಲಿ ಓದಿದವರು ಯಾರಾದರೂ ಚಿತ್ರ ತೆಗೆದರೆ ಕರೆಯುತ್ತಾರೆ. ಕರೆದ ಕೆಲಸವನ್ನು ನೋಡಿ ಇನ್ನೊಬ್ಬರು ಕರೆಯುತ್ತಾರೆ. ಮೊದಲು ಬಂದುದು ಒಂದು ಮದುವೆಯ ಚಿತ್ರ: ಹದಿನೆಂಟು ಗಂಟೆಯಷ್ಟು ತೆಗೆದುದನ್ನು ನಲವತ್ತು ನಿಮಿಷಕ್ಕೆ ಇಳಿಸುವುದು. ಪ್ರತಿಫಲ ಆರು ಸಾವಿರ. ಬಳಿಕ ಒಂದು ಮದ್ದಿನ ಅಂಗಡಿಯ ಜಾಹೀರಾತು. ಬಳಿಕ ಯಾರೋ ಹೊಸಬರ ಕಿರುಚಿತ್ರ, ಅದಕ್ಕೆ ಪ್ರತಿಫಲ ಕೃತಜ್ಞತೆ. ಕೊನೆಗೆ ಒಂದು ದೊಡ್ಡ ಚಿತ್ರದಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಬಂದ ಚಿತ್ರಗಳಿಗೆಲ್ಲ ಹೆಸರಿಟ್ಟು ಪಟ್ಟಿಮಾಡುವುದು, ಬೇರೆಯಾಗಿ ಮುದ್ರಿಸಿದ ಧ್ವನಿಯನ್ನು ತುಟಿಯ ಚಲನೆಗೆ ಕೂಡಿಸುವುದು, ರಾತ್ರಿ ಎಲ್ಲರೂ ಹೋದ ಮೇಲೆ ಪ್ರತಿಗಳನ್ನು ತೆಗೆದಿಡುವುದು. ಆರು ತಿಂಗಳು ದುಡಿದಳು. ಎರಡು ತಿಂಗಳ ಹಣ ಕೈಗೆ ಬಂದಿತು. ಆ ಚಿತ್ರ ಬಿಡುಗಡೆಯಾದಾಗ ಇವಳ ಹೆಸರು ಹೆಸರುಗಳ ಪಟ್ಟಿಯಲ್ಲಿ ಇರಲಿಲ್ಲ. ಕೇಳಿದುದಕ್ಕೆ, ಪಟ್ಟಿ ಉದ್ದವಾಯಿತೆಂದು ಸಂಕಲನ ಮಾಡಿದೆವು ಎಂದರಂತೆ. ಹೇಳಿದವರಿಗೆ ತಮ್ಮ ಮಾತಿನ ಸೊಗಸು ತಿಳಿದಿತ್ತೋ ಇಲ್ಲವೋ ನಾನರಿಯೆ.

ಈ ದಿನಗಳಲ್ಲಿ ಟೆಲಿಫೋನಿನಲ್ಲಿ 'ಹಣ ಬಂದಿತೇ?' ಎಂದು ನಾನು ಕೇಳುವುದೂ, 'ಬರುತ್ತದೆ ಅಮ್ಮಾ' ಎಂದು ಅವಳು ಹೇಳುವುದೂ ವಾರದ ಪಾರಾಯಣವಾಯಿತು. ಒಂದು ಸುದ್ದಿಯ ಕಾರ್ಖಾನೆಯಲ್ಲಿ ತಿಂಗಳ ಸಂಬಳದ ಕೆಲಸ ಸಿಕ್ಕುವ ಸಂಭವವಿತ್ತು. ಸಂಬಳದ ಮತದವಳಾದ ನಾನು ಅದನ್ನು ಒಪ್ಪಿಕೊಳ್ಳೆಂದು ಹೇಳಿದೆನು. ಇಂದು ಕೇಳಿದರೂ ಅದನ್ನೇ ಹೇಳುವೆನು. ಯಜಮಾನರು ಬೇರೊಂದು ಲೆಕ್ಕ ತೆಗೆದರು. 'ಕಾಫಿಯ ಗಿಡ ನೆಟ್ಟರೆ ಮೂರು ನಾಲ್ಕು ವರ್ಷ ಅದು ಏನು ಕೊಡುತ್ತದೆ? ಕಳೆ ಕೀಳುವ ಕೂಲಿ ನಾವೇ ಕೊಡುತ್ತೇವೆ. ಫಸಲು ಬರಲಿಲ್ಲವೆಂದು ಎರಡನೆಯ ವರ್ಷ ಕಿತ್ತು ಶುಂಠಿ ಹಾಕುವವರುಂಟೇ?' ಎಂದರು. ಉಂಟು ಎಂದು ನಾನು ಇಬ್ಬರ ಹೆಸರು ಹೇಳಿದೆನು. ಅದು ಹಾಗಿರಲಿ, ಕೊನೆಗೆ ಆದ ಒಪ್ಪಂದ ಇದು: ಮೂರು ಕಾಫಿಯ ಫಸಲು ಬರುವವರೆಗೆ ಕೋಣೆಯ ಬಾಡಿಗೆ ಮನೆಯದು, ಊಟ ಅವಳದು, ಕಂಪ್ಯೂಟರಿಗೆ ಕೊಟ್ಟ ಒಂದು ಲಕ್ಷದ ಹತ್ತು ಸಾವಿರ ಸಾಲವೇ ಹೊರತು ಉಡುಗೊರೆಯಲ್ಲ. ಅದನ್ನು ನನ್ನ ಪುಸ್ತಕದಲ್ಲಿ ಅವಳ ಹೆಸರಿಗೆ ಬರೆದೆನು. ಬರೆದುದನ್ನು ಕಂಡು ಅವಳಿಗೆ ಸಂತೋಷವಾದುದನ್ನು ನಾನು ಗಮನಿಸಿದೆನು. ಸಾಲವೆಂದು ಬರೆಯುವುದರಲ್ಲಿ, ಇದು ತೀರುವುದೆಂಬ ನಂಬಿಕೆಯೂ ಬರೆಯಲ್ಪಡುತ್ತದೆ.

ಮೊದಲ ಫಸಲೇ ಬರಲಿಲ್ಲ. ೨೦೧೮ರ ಆಗಸ್ಟ್ ತಿಂಗಳ ನಡುವೆ ಕೊಡಗಿನಲ್ಲಿ ಆದುದನ್ನು ಎಲ್ಲರೂ ಪತ್ರಿಕೆಗಳಲ್ಲಿ ಓದಿರುವರು. ಎಡೆಬಿಡದ ಮಳೆಯಲ್ಲಿ ನೀರು ಕುಡಿದ ಗುಡ್ಡಗಳು ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು ಕಡೆಗಳಲ್ಲೆಲ್ಲ ಜಾರಿ ಕೆಳಗಿಳಿದುವು. ಮನೆಗಳು ಹೋದುವು, ಗದ್ದೆಗಳ ಮೇಲೆ ಆಳುದ್ದ ಕೆಸರು ಕುಳಿತಿತು, ಮಡಿಕೇರಿಯ ರಸ್ತೆ ಕಡಿದು ಹೋಯಿತು. ನಮ್ಮ ಮನೆ ಉಳಿಯಿತು; ತೋಟದ ಮೇಲಣ ಮೂಲೆಯಲ್ಲಿ ಅರ್ಧ ಎಕರೆ ಗಿಡಮರಗಳ ಸಹಿತ ಹೊಳೆಗೆ ಇಳಿಯಿತು. ಉಳಿದ ಗಿಡಗಳಲ್ಲಿ ಕೊಳೆರೋಗ ಹತ್ತಿ ಕಾಯಿ ಉದುರಿತು. ಆ ವರ್ಷ ಯಜಮಾನರ ಪುಸ್ತಕದ ವರಮಾನದ ಪುಟದಲ್ಲಿ ಬರೆಯುವಷ್ಟು ಇರಲಿಲ್ಲ. ನನ್ನ ನಿವೃತ್ತಿಗೆ ಇನ್ನು ಏಳು ತಿಂಗಳಿತ್ತು.

ಮಗಳು ಕುಶಾಲನಗರದ ಮೇಲೆ ಸುತ್ತಿಕೊಂಡು ಎರಡು ದಿನಕ್ಕೆ ಮನೆ ತಲಪಿದಳು. ಬಂದವಳು ಪರಿಹಾರದ ಕೇಂದ್ರದಲ್ಲಿ ಅನ್ನ ಬಡಿಸುವುದರಲ್ಲಿ ಹತ್ತು ದಿನ ಕಳೆದಳು. ಆಗ ಒಂದು ಸೇವಾಸಂಘದವರು ಅವಳ ವಿದ್ಯೆಯನ್ನು ಕೇಳಿ ಬಂದರು. ಹೊರಊರುಗಳಲ್ಲಿ ಧನ ಕೂಡಿಸಲು ಐದು ನಿಮಿಷದ ಚಿತ್ರ ಬೇಕಾಗಿತ್ತು. ತಮ್ಮ ಕ್ಯಾಮರದವರು ತೆಗೆದುದೂ ಜನರು ತಮ್ಮ ಫೋನುಗಳಲ್ಲಿ ಹಿಡಿದುದೂ ಕೂಡಿ ಒಂಬತ್ತು ಗಂಟೆಯಷ್ಟಿತ್ತು. ನಮ್ಮ ಅಟ್ಟದ ಕೋಣೆಯಲ್ಲಿ, ದಿನಕ್ಕೆ ಮೂರು ನಾಲ್ಕು ಗಂಟೆ ಮಾತ್ರ ಇರುವ ವಿದ್ಯುತ್ತಿನಲ್ಲಿ, ಅವಳು ಕುಳಿತಳು.

ಅದರಲ್ಲಿ ನಮಗೆ ಗುರುತಿದ್ದ ಒಬ್ಬ ತಾಯಿಯ ಚಿತ್ರವಿತ್ತು. ಆಕೆ ತನ್ನ ಮನೆಯಿದ್ದ ಸ್ಥಳದಲ್ಲಿ ನಿಂತಿದ್ದಾಳೆ, ಕೆಸರಿನಿಂದ ಒಂದು ಹಿತ್ತಾಳೆಯ ಚೊಂಬು ಹೊರಗೆ ಕಾಣುತ್ತದೆ, ಬಗ್ಗಿ ಎತ್ತಿ ಸೆರಗಿನಿಂದ ಒರಸುತ್ತಾಳೆ, ಒರಸುತ್ತಲೇ ಇರುತ್ತಾಳೆ, ಬಹಳ ಹೊತ್ತಿನ ಮೇಲೆ ಅವಳ ಮುಖ ಒಡೆದು ಅಳು ಬರುತ್ತದೆ. ಕ್ಯಾಮರ ಹತ್ತಿರ ಹೋಗುತ್ತದೆ. ಮಗಳು ಚೊಂಬನ್ನು ಒರಸುವುದನ್ನು ಇಪ್ಪತ್ತೆರಡು ಸೆಕೆಂಡು ಇಟ್ಟು, ಅಳು ಮೊದಲಾಗುವುದಕ್ಕೆ ಒಂದು ಕ್ಷಣ ಮುಂಚೆ ಕತ್ತರಿಸಿದಳು. ಸಂಗೀತವನ್ನು ಹಾಕಲಿಲ್ಲ. ಮಳೆಯ ಸದ್ದು ಮಾತ್ರ.

ಸಂಘದವರು ನೋಡಿ ಸುಮ್ಮನೆ ಕುಳಿತರು. ಬಳಿಕ ಅವರಲ್ಲಿ ಹಿರಿಯರಾದವರು ಬಹಳ ಮೃದುವಾಗಿಯೇ, 'ಅಳುವುದನ್ನು ಇಡಬೇಕು. ಕಣ್ಣೀರು ಕಾಣದಿದ್ದರೆ ಕೈ ಜೇಬಿಗೆ ಹೋಗುವುದಿಲ್ಲ' ಎಂದರು. ಅವರ ಮಾತು ಸುಳ್ಳೆಂದು ಹೇಳಲಾರೆ. ಸಹಾಯ ಬೇಕಾಗಿದ್ದುದು ನಮ್ಮ ನೆರೆಯವರಿಗೇ. ಹಣ ಬಂದರೆ ಅವರಿಗೇ ಬರುತ್ತಿತ್ತು. ಮಗಳು, 'ಆಕೆ ನಾಳೆ ಸಂತೆಗೆ ಬರಬೇಕು. ಎಲ್ಲರೂ ನೋಡಿದ ಮುಖವನ್ನು ಹೊತ್ತುಕೊಂಡು ಹೇಗೆ ಬರುತ್ತಾಳೆ?' ಎಂದಳು. ಅವರು ಆಕೆಯ ಒಪ್ಪಿಗೆ ಪಡೆದಿದ್ದೇವೆ ಎಂದರು. 'ಆಗ ಆಕೆಗೆ ಚೊಂಬು ಕಾಣುತ್ತಿತ್ತು, ನೀವಲ್ಲ' ಎಂದು ಇವಳು ಹೇಳಿದ ಮೇಲೆ ಮಾತು ಮುಂದುವರಿಯಲಿಲ್ಲ. ಚಿತ್ರವನ್ನು ತೆಗೆದುಕೊಂಡು ಹೋದರು. ಒಂದು ಕಡೆ ಇವಳು ಕೊಟ್ಟಂತೆಯೇ ತೋರಿಸಿದರೆಂದೂ, ಮತ್ತೊಂದು ಕಡೆ ಬೇರೆ ಯಾರಿಂದಲೋ ಅಳುವನ್ನೂ ಪಿಟೀಲನ್ನೂ ಸೇರಿಸಿ ತೋರಿಸಿದರೆಂದೂ ಅನಂತರ ತಿಳಿಯಿತು. ಯಾವುದರಿಂದ ಹೆಚ್ಚು ಹಣ ಬಂದಿತೋ ಯಾರೂ ಲೆಕ್ಕವಿಡಲಿಲ್ಲ. ಒಪ್ಪಿದ ಪ್ರತಿಫಲದಲ್ಲಿ ಅರ್ಧ ಬಂದಿತು. ಅದನ್ನು ಅವಳು ಅದೇ ಕೇಂದ್ರಕ್ಕೆ ಕೊಟ್ಟಳು. ಸಾಲದ ಪುಸ್ತಕವನ್ನಿಟ್ಟವಳು ನಾನು. ಆ ಸಂಜೆ ಅದನ್ನು ತೆರೆಯಲಿಲ್ಲ. ಆ ತಾಯಿಗೆ ಆಮೇಲೆ ಜಂಬೂರಿನಲ್ಲಿ ಸರ್ಕಾರದವರು ಕಟ್ಟಿಸಿದ ಮನೆ ದೊರೆಯಿತು. ಸಂತೆಯಲ್ಲಿ ಸಿಕ್ಕಿದಾಗ ಮೆಣಸಿನ ಧಾರಣೆಯ ಮಾತನ್ನೇ ಆಡುತ್ತಾರೆ.

ಈ ಸಂಗತಿಯನ್ನು ಹೊಗಳಿಕೆಗಾಗಿ ಬರೆದುದಲ್ಲ. ಪುಣೆಯ ಮೂರು ವರ್ಷದಲ್ಲಿ ಎಲ್ಲಿ ಕತ್ತರಿಸಬೇಕೆಂಬುದನ್ನು ಅವಳು ಕಲಿತಿದ್ದಳು. ಕತ್ತರಿಸಿದ್ದನ್ನು ಹಣ ಕೊಡುವವರ ಎದುರಿನಲ್ಲಿ ನಿಂತು ಹಿಡಿದುಕೊಳ್ಳುವುದು ಬೇರೆಯ ವಿದ್ಯೆ. ಮನೆಯಲ್ಲಿ ಅನ್ನಕ್ಕೆ ಚಿಂತೆಯಿರುವವರಿಗೆ ಅದು ಸುಲಭವಲ್ಲ. ಚಿಂತೆಯಿದ್ದ ವರ್ಷದಲ್ಲಿಯೇ ಅವಳಿಗೆ ಅದು ಬಂದುದು ನನಗೆ ಇಂದಿಗೂ ಸೋಜಿಗ.

ರಸ್ತೆ ಕೂಡುವವರೆಗೆ ಮನೆಯಲ್ಲಿಯೇ ಉಳಿಯಬೇಕಾಗಿ ಬಂದುದರಿಂದ ಇನ್ನೊಂದು ಉಪಾಯ ಹೊಳೆಯಿತು. ದೊಡ್ಡ ಚಿತ್ರದ ಕಡತಗಳು ನಮ್ಮ ಊರಿನ ತಂತಿಯಲ್ಲಿ ಬರುವಂಥವಲ್ಲ. ಬರಲು ಹಿಡಿಯುವ ಕಾಲದಲ್ಲಿ ಭತ್ತ ಬಿತ್ತಿ ಕೊಯ್ಯಬಹುದು. ಆದುದರಿಂದ ಬೆಂಗಳೂರಿನವರು ಎಲ್ಲವನ್ನೂ ಚಿಕ್ಕ ಪ್ರತಿಗಳಾಗಿ ಮಾಡಿ ಒಂದು ಡಿಸ್ಕಿನಲ್ಲಿ ತುಂಬಿ ಬಸ್ಸಿನಲ್ಲಿ ಕಳುಹಿಸುವರು. ಇವಳು ಚಿಕ್ಕ ಪ್ರತಿಯ ಮೇಲೆ ಕೆಲಸ ಮಾಡಿ, ಯಾವ ಕಡತದ ಯಾವ ಚಿತ್ರದಿಂದ ಯಾವ ಚಿತ್ರದವರೆಗೆ ಎಂಬ ತೀರ್ಮಾನಗಳ ಪಟ್ಟಿಯನ್ನು ಮಾತ್ರ ಹಿಂದಕ್ಕೆ ಕಳುಹಿಸುವಳು. ಪಟ್ಟಿ ಒಂದು ಕಾಗದದಷ್ಟು ಹಗುರ. ಅಲ್ಲಿಯ ಯಂತ್ರ ಆ ಪಟ್ಟಿಯನ್ನು ಓದಿ ದೊಡ್ಡ ಪ್ರತಿಯನ್ನು ಹಾಗೆಯೇ ಜೋಡಿಸುವುದು. ಹುಡುಗರ ನೋಟುಪುಸ್ತಕವನ್ನು ಕಳುಹಿಸದೆ, 'ನಾಲ್ಕನೆಯ ಪುಟ, ಏಳನೆಯ ಸಾಲು, ಮೂರನೆಯ ಶಬ್ದ ತೆಗೆ' ಎಂದು ಬರೆದು ಕಳುಹಿಸಿದಂತೆ. ಹೀಗೆ ಮಾದಾಪುರದ ಅಟ್ಟದಲ್ಲಿ ಕುಳಿತು ಹುಬ್ಬಳ್ಳಿಯವರೊಬ್ಬರ ಸಾಕ್ಷ್ಯಚಿತ್ರವನ್ನೂ, ಮಂಗಳೂರಿನವರ ಯಕ್ಷಗಾನದ ದಾಖಲೆಯನ್ನೂ ಮುಗಿಸಿದಳು. ವಿದ್ಯುತ್ತು ಹೋದಾಗ ಯಂತ್ರ ಕೆಡದಂತೆ ಒಂದು ಬ್ಯಾಟರಿ ಪೆಟ್ಟಿಗೆ ಬೇಕಾಯಿತು. ಅದೂ ಸಾಲದ ಪುಸ್ತಕಕ್ಕೆ ಸೇರಿತು.

ನಾನು ನಿವೃತ್ತಳಾದ ಮೇಲೆ ಅವಳ ಲೆಕ್ಕವೆಲ್ಲ ನನ್ನ ಕೈಗೆ ಬಂದಿತು. ಇಂಥ ಮಕ್ಕಳುಳ್ಳ ಮನೆಯವರಿಗೆ ಉಪಯೋಗವಾದೀತೆಂದು ಕೆಲವನ್ನು ಬರೆಯುವೆನು. ಕೆಲಸ ಒಪ್ಪುವಾಗಲೇ ಒಂದು ಕಾಗದ ಬರೆಯಿಸಿಕೊಳ್ಳಬೇಕು, ಸ್ನೇಹಿತರಾದರಂತೂ ಬರೆಯಿಸಿಕೊಳ್ಳಲೇಬೇಕು. ಮೂರರಲ್ಲೊಂದು ಪಾಲು ಮುಂಗಡ ಬರಬೇಕು, ಮೊದಲ ಜೋಡಣೆಗೆ ಇನ್ನೊಂದು ಪಾಲು, ಕೊನೆಯದು ಬರುವವರೆಗೆ ಪರದೆಯ ಮೇಲೆ ಅಡ್ಡಲಾಗಿ ಇವಳ ಹೆಸರು ಬರೆದ ಪ್ರತಿಯನ್ನೇ ತೋರಿಸಬೇಕು. 'ಒಂದೇ ಒಂದು ಸಣ್ಣ ಬದಲಾವಣೆ' ಎಂಬ ಮಾತಿಗೆ ಮಿತಿಯಿಲ್ಲ. ಎರಡು ಸಲದ ತಿದ್ದುಪಡಿ ಒಪ್ಪಂದದಲ್ಲಿ ಸೇರಿದೆ, ಮೂರನೆಯದಕ್ಕೆ ದಿನದ ಲೆಕ್ಕ ಎಂದು ಕಾಗದದಲ್ಲಿರಬೇಕು. ಹೆಸರು ಹಾಕತಕ್ಕದ್ದೆಂಬುದೂ ಇರಬೇಕು. ಕಂಪನಿಗಳು ವೃತ್ತಿಯ ಪ್ರತಿಫಲದಲ್ಲಿ ನೂರಕ್ಕೆ ಹತ್ತರಂತೆ ತೆರಿಗೆಯನ್ನು ಮುರಿದುಕೊಂಡು ಕೊಡುತ್ತಾರೆ. ಅದು ನಷ್ಟವಲ್ಲ, ವರ್ಷದ ಕೊನೆಗೆ ಲೆಕ್ಕ ಒಪ್ಪಿಸಿದರೆ ವರಮಾನ ಕಡಿಮೆಯಿರುವವರಿಗೆ ಹಿಂದಕ್ಕೆ ಬರುವುದು. ಹೊಸಬರಲ್ಲಿ ಎಷ್ಟೋ ಮಂದಿ ಇದನ್ನು ಬಿಟ್ಟುಬಿಡುತ್ತಾರೆಂದು ಕೇಳಿ ನನಗೆ ಕೋಪ ಬಂದಿತು. ಬಾಕಿಯವರಿಗೆ ಜ್ಞಾಪಕದ ಓಲೆಗಳನ್ನು ನಾನೇ ಬರೆಯುವೆನು. ಅಚ್ಚುಕಟ್ಟಾದ ಕನ್ನಡದಲ್ಲಿ ಮರ್ಯಾದೆಯಿಂದ ಬರೆದ ಓಲೆಗೆ ಉತ್ತರ ಬೇಗ ಬರುತ್ತದೆ. ಶಾಲೆಯ ನೆನಪಾಗುವುದೋ ಏನೋ.

ಕಾಫಿಗೂ ಇದಕ್ಕೂ ಇರುವ ಭೇದವನ್ನೂ ಹೇಳಬೇಕು. ಕಾಫಿಯ ಧಾರಣೆ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಮೂಟೆಗೆ ಇಷ್ಟೆಂದು ವ್ಯಾಪಾರಿಯೂ ಬಲ್ಲ, ಬೆಳೆದವನೂ ಬಲ್ಲ. ಒಂದು ನೋಟವನ್ನು ಇಪ್ಪತ್ತೆರಡು ಸೆಕೆಂಡು ಇಡುವ ಬುದ್ಧಿಗೆ ಧಾರಣೆ ಎಲ್ಲಿಯೂ ಅಚ್ಚಾಗುವುದಿಲ್ಲ. ಪುಣೆಯ ಹಳೆಯ ವಿದ್ಯಾರ್ಥಿಗಳು ನಾಲ್ಕೈದು ಮಂದಿ ತಮ್ಮತಮ್ಮಲ್ಲಿ, ಯಾರು ಎಷ್ಟಕ್ಕೆ ಒಪ್ಪಿದರೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವ ಕ್ರಮವನ್ನು ಇಟ್ಟುಕೊಂಡಿದ್ದಾರೆ. ಅಷ್ಟರಿಂದಲೇ ಎಲ್ಲರ ಪ್ರತಿಫಲವೂ ಏರಿತೆಂದು ಮಗಳು ಹೇಳುವಳು. ಇದು ನಮ್ಮ ಬೆಳೆಗಾರರ ಸಂಘಗಳು ಹುಟ್ಟಿದ ಬಗೆಯೇ ಎಂದು ಯಜಮಾನರಿಗೆ ಹೆಮ್ಮೆ.

೨೦೨೦ರ ಮಾರ್ಚಿಯಲ್ಲಿ ದೇಶವೆಲ್ಲ ಬಾಗಿಲು ಹಾಕಿದಾಗ ಚಿತ್ರ ತೆಗೆಯುವವರ ಕೆಲಸ ನಿಂತಿತು. ತೆಗೆದಿಟ್ಟ ಚಿತ್ರಗಳನ್ನು ಜೋಡಿಸುವವರ ಕೆಲಸ ಕೆಲಕಾಲ ನಡೆಯಿತು. ಊರಿಗೆ ಹೋದವರು ಕೆಲಸಮಾಡಲಾರರೆಂಬ ಮಾತು ಆಗ ಅಳಿಯಿತು; ಇವಳಾದರೋ ಎರಡು ವರ್ಷದಿಂದ ಅದನ್ನೇ ಮಾಡಿಕೊಂಡಿದ್ದವಳು. ಹೀಗೆ ಬೇರೆಯವರು ಕೈಬಿಟ್ಟ ಒಂದು ಕಥಾಚಿತ್ರ ಇವಳಿಗೆ ಬಂದಿತು. ಅದರಲ್ಲಿ ಮೊದಲ ಸಲ ಹೆಸರು ಒಂಟಿಯಾಗಿ, ಪರದೆಯ ನಡುವೆ, ಬಂದಿತು. ಮೂರು ಸೆಕೆಂಡು ಇತ್ತು. ಎಪ್ಪತ್ತೆರಡು ಚಿತ್ರಗಳು ಎಂದು ಯಜಮಾನರು ಲೆಕ್ಕ ಹಾಕಿದರು.

ಮದುವೆಯ ಪ್ರಸ್ತಾಪಗಳ ವಿಷಯವನ್ನು ವಾಚಕರು ಕೇಳಬಹುದು. ಬಂದಿವೆ, ಹೋಗಿವೆ. ಹುಡುಗಿಗೆ ಸಂಬಳವೆಷ್ಟು ಎಂದು ಕೇಳುವವರಿಗೆ ನಾನು ಮೂರು ವರ್ಷದ ಸರಾಸರಿಯನ್ನು ಹೇಳುವೆನು. ತಿಂಗಳಿಗೆಷ್ಟು ಎಂದು ಮತ್ತೆ ಕೇಳಿದರೆ ಕಾಫಿ ಕೊಟ್ಟು ಕಳುಹಿಸುವೆನು.

ಕಂಪ್ಯೂಟರಿನ ಸಾಲ ೨೦೨೨ರ ಜನವರಿಯಲ್ಲಿ ತೀರಿತು. ಬ್ಯಾಟರಿ ಪೆಟ್ಟಿಗೆಯದು ಅದೇ ವರ್ಷ ಹುತ್ತರಿಗೆ. ಜಾರಿಹೋದ ಅರ್ಧ ಎಕರೆಯಲ್ಲಿ ಮಣ್ಣು ನಿಲ್ಲಲೆಂದು ಬಿದಿರನ್ನೂ ಲಾವಂಚವನ್ನೂ ನೆಟ್ಟಿದ್ದೇವೆ. ಕಾಫಿ ಹಾಕುವ ಯೋಚನೆ ಸದ್ಯಕ್ಕಿಲ್ಲ. ಮಗಳು ವರ್ಷದಲ್ಲಿ ಏಳು ತಿಂಗಳು ಬೆಂಗಳೂರಿನಲ್ಲಿಯೂ ಮಳೆಗಾಲದಲ್ಲಿ ಇಲ್ಲಿಯೂ ಇರುತ್ತಾಳೆ. ಮಳೆಯ ಸದ್ದಿನಲ್ಲಿ ಬೇರೆ ಸದ್ದುಗಳನ್ನು ಕೇಳಿ ಆರಿಸುವುದು ಕಷ್ಟವೆಂದು ಅಟ್ಟದ ಮಾಡ ತಗಡನ್ನು ತೆಗೆಸಿ ಹಂಚು ಹಾಕಿಸಬೇಕೆಂದು ಕೇಳಿದ್ದಾಳೆ. ಖರ್ಚು ಯಾರ ಪುಸ್ತಕಕ್ಕೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಬಡಗಿಯು ಬರುವ ಸೋಮವಾರ ಅಳತೆ ತೆಗೆಯಲು ಬರುವನು.